90 ಅಲ್ಲ ಚಿಕ್ಕಪ್ಪ, 15

(ನಮ್ಮ ಕುಟುಂಬದ ಗುಂಪು, ಭಾನುವಾರ ಬೆಳಿಗ್ಗೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ.)

ಶಿವಮೊಗ್ಗ ಚಿಕ್ಕಪ್ಪ: ಎಚ್ಚರ! ಹೊಸ ಕಾನೂನಿನಲ್ಲಿ ಪೊಲೀಸರು ಯಾರನ್ನು ಬೇಕಾದರೂ 90 ದಿನ ಠಾಣೆಯಲ್ಲಿ ಇಟ್ಟುಕೊಳ್ಳಬಹುದು. ವಕೀಲರೂ ಏನೂ ಮಾಡುವಂತಿಲ್ಲ. ಎಲ್ಲರಿಗೂ ಕಳಿಸಿ.

ಅತ್ತೆ: ಅಯ್ಯೋ ದೇವರೇ.

ನಾನು: ಚಿಕ್ಕಪ್ಪ, ಮನೆಯಲ್ಲೇ ಒಬ್ಬಳು ವಕೀಲೆ ಇದ್ದಾಳೆ. ಒಂದು ಮಾತು ಕೇಳಬಾರದಿತ್ತಾ?

ಶಿವಮೊಗ್ಗ ಚಿಕ್ಕಪ್ಪ: ನೀನು ಭಾನುವಾರ ಹತ್ತಕ್ಕೆ ಮೊದಲು ಏಳುವುದಿಲ್ಲವಲ್ಲ. ತಪ್ಪಿದ್ದರೆ ಹೇಳು.

ನಾನು: ಬಂಧನ, ಜಾಮೀನು, ವಿಚಾರಣೆ ಹೇಗೆ ನಡೆಯಬೇಕು ಎಂದು ಹೇಳುವ ಹಳೆಯ ಕಾನೂನು ಸಿಆರ್‌ಪಿಸಿ. 2024ರ ಜುಲೈ 1ರಿಂದ ಅದು ಹೋಗಿ ಬಿಎನ್‌ಎಸ್‌ಎಸ್ ಬಂದಿದೆ, ನಿಜ. ಆದರೆ ಅದರ 187ನೇ ಸೆಕ್ಷನ್ನಿನಲ್ಲೂ ಪೊಲೀಸ್ ಕಸ್ಟಡಿ ಒಟ್ಟು 15 ದಿನವೇ. 60 ದಿನ, ಗಂಭೀರ ಕೇಸಿನಲ್ಲಿ 90 ದಿನ ಅನ್ನುವುದು ಚಾರ್ಜ್‌ಶೀಟ್ ಹಾಕುವ ಗಡುವು. ಅಷ್ಟರಲ್ಲಿ ಹಾಕದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕು.

ನೋಯ್ಡಾ ಅಣ್ಣ: ಅಂದರೆ ಏನೂ ಬದಲಾಗಿಲ್ಲ. ಸುಮ್ನೆ ಗಲಾಟೆ.

ನಾನು: ಬದಲಾಗಿದೆ ಅಣ್ಣ. ಮೊದಲು ಆ 15 ದಿನ, ರಿಮ್ಯಾಂಡ್ ಆದ (ಅಂದರೆ ಮ್ಯಾಜಿಸ್ಟ್ರೇಟ್ ಕಸ್ಟಡಿಗೆ ಕೊಟ್ಟ) ಮೊದಲ 15 ದಿನದಲ್ಲೇ ಮುಗಿಯಬೇಕಿತ್ತು. ಸುಪ್ರೀಂ ಕೋರ್ಟ್ 1992ರಲ್ಲಿ ಹಾಗೆ ಹೇಳಿತ್ತು. ಈಗ ಬಿಡಿಬಿಡಿಯಾಗಿ ಕೇಳಬಹುದು. 60ರ ಗಡುವಿದ್ದರೆ ಮೊದಲ 40 ದಿನದೊಳಗೆ, 90ರದ್ದಾದರೆ ಮೊದಲ 60 ದಿನದೊಳಗೆ. ಇವತ್ತು 3 ದಿನ ತಗೊಂಡು ಜೈಲಿಗೆ ಕಳಿಸುತ್ತಾರೆ, ತಿಂಗಳಾದ ಮೇಲೆ ಇನ್ನೂ 4 ದಿನ ಕೊಡಿ ಅನ್ನಬಹುದು. ನಾವು ಜಾಮೀನು ಕೇಳಿದರೆ 'ಕಸ್ಟಡಿ ಬಾಕಿ ಇದೆ ಸ್ವಾಮಿ' ಅನ್ನುವ ತಕರಾರು. ಅದೊಂದೇ ಕಾರಣಕ್ಕೆ ಜಾಮೀನು ಇಲ್ಲ ಅನ್ನುವಂತಿಲ್ಲ ಎಂದು 480ನೇ ಸೆಕ್ಷನ್ನಿನಲ್ಲಿದೆ. ಆದರೂ ಪ್ರತಿ ಸಲ ಅದನ್ನು ವಾದಿಸಿಯೇ ಗೆಲ್ಲಬೇಕು.

ಶಿವಮೊಗ್ಗ ಚಿಕ್ಕಪ್ಪ: ಹಾಗಾದರೆ ಮೆಸೇಜು ಅರ್ಧ ನಿಜ.

ನಾನು: ಲೆಕ್ಕ ತಪ್ಪು. 'ವಕೀಲರೂ ಏನೂ ಮಾಡುವಂತಿಲ್ಲ' ಅನ್ನುವುದು ಅದಕ್ಕಿಂತ ಜಾಸ್ತಿ ತಪ್ಪು. ಅದನ್ನು ನಂಬಿದ ಮನೆಯವರು ವಕೀಲರನ್ನು ಹುಡುಕುವುದೇ ಇಲ್ಲ. ಬಂಧಿತರಿಗೆ ರಕ್ಷಣೆ ಕೊಡುವ ಸಂವಿಧಾನದ 22ನೇ ವಿಧಿ ಎಲ್ಲೂ ಹೋಗಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಯಾಕೆ ಹಿಡಿದೆವು ಅಂತ ಹೇಳಬೇಕು. ಹೇಳದಿದ್ದರೆ ಬಂಧನವೇ ಅಕ್ರಮ ಎಂದು 2025ರ ಫೆಬ್ರವರಿಯಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಹರಿಯಾಣದ ಆ ಕೇಸಿನಲ್ಲಿ ಆರೋಪಿಯನ್ನು ಆಸ್ಪತ್ರೆಯ ಮಂಚಕ್ಕೆ ಬೇಡಿ ಹಾಕಿ ಕಟ್ಟಿದ್ದರು.

ನೋಯ್ಡಾ ಅಣ್ಣ: ತಪ್ಪು ಮಾಡದವನಿಗೆ ವಕೀಲರು ಯಾಕೆ ಬೇಕು?

ನಾನು: ನೀನಿರುವ ರಾಜ್ಯದ ಕಥೆಯನ್ನೇ ಕೇಳು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಉತ್ತರ ಪ್ರದೇಶ ನಿರೀಕ್ಷಣಾ ಜಾಮೀನನ್ನೇ ತೆಗೆದುಹಾಕಿತು. ವಾಪಸ್ ಬಂದದ್ದು 2019ರಲ್ಲಿ. ಅಲ್ಲಿಯವರೆಗೆ ಯಾರೋ ಸುಳ್ಳು ದೂರು ಕೊಟ್ಟರೆ ದೆಹಲಿಯವನು ಬಂಧನಕ್ಕೆ ಮೊದಲೇ ಕೋರ್ಟಿಗೆ ಹೋಗಿ ಜಾಮೀನು ಕೇಳಬಹುದಿತ್ತು. ಯಮುನೆಯ ಈಚೆ ನೋಯ್ಡಾದವನಿಗೆ ಅದಿರಲಿಲ್ಲ.

ನೋಯ್ಡಾ ಅಣ್ಣ: ನಾನು ಇಲ್ಲಿಗೆ ಬಂದದ್ದು 2020ರಲ್ಲಿ.

ನಾನು: ಪುಣ್ಯವಂತ.

ಅತ್ತೆ: ನನಗೆ 68. ನನ್ನನ್ನೂ ಹಿಡಿಯುತ್ತಾರಾ?

ನಾನು: ನಿಮಗೆ ಹೊಸ ಕಾನೂನಿನಲ್ಲಿ ರಿಯಾಯಿತಿ ಇದೆ ಅತ್ತೆ. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಿನಲ್ಲಿ 60 ದಾಟಿದವರನ್ನು ಬಂಧಿಸಲು ಡಿವೈಎಸ್‌ಪಿ ಅಥವಾ ಮೇಲಿನವರ ಅನುಮತಿ ಬೇಕು. 35ನೇ ಸೆಕ್ಷನ್.

ಶಿವಮೊಗ್ಗ ಚಿಕ್ಕಪ್ಪ: ನನಗೆ ಇನ್ನೂ 59.

ಅತ್ತೆ: ಹಾಗಾದರೆ ಒಂದು ವರ್ಷ ಫಾರ್ವರ್ಡ್ ಮಾಡುವುದು ನಿಲ್ಲಿಸು.

ಶಿವಮೊಗ್ಗ ಚಿಕ್ಕಪ್ಪ: ಇಲ್ಲಿ ಅಳಿಸುತ್ತೇನೆ ಅಕ್ಕ. ಆದರೆ ವಾಕಿಂಗ್ ಗುಂಪಿಗೆ ಆಗಲೇ ಹೋಗಿದೆ. ಮೇಘಾ, ಆ 40, 60 ದಿನದ್ದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ನೀನೇ ನಾಲ್ಕು ಸಾಲು ಬರೆದುಕೊಡು, ಅಲ್ಲಿ ಹಾಕುತ್ತೇನೆ.