ತಲೆಗೆ ಪೆಟ್ಟು ಬಿದ್ದವನನ್ನು ಹೊರಕಳಿಸಿದರೆ ಫುಟ್‌ಬಾಲ್‌ನ ಗಟ್ಟಿತನ ಕರಗುತ್ತದೆಯೇ?

ಪ್ರಶ್ನೆ (ಗರಸುನೆಲ, ಬಳ್ಳಾರಿ):
ಸಂಜೆ ಹೊತ್ತು ನಮ್ಮ ಬಡಾವಣೆಯ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಮೈದಾನವೆಂದರೆ ಗರಸು ನೆಲ. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತದೆ. 1998ರ ವಿಶ್ವಕಪ್ಪಿನ ಹೊತ್ತಿಗೆ, ಹಿಂದಿನಿಂದ ನುಗ್ಗಿ ಕಾಲಿಗೆ ಅಪಾಯ ತರುವ ಟ್ಯಾಕಲ್‌ಗೆ ನೇರವಾಗಿ ಕೆಂಪು ಕಾರ್ಡ್ ಎಂದು ಫಿಫಾ ಬಿಗಿ ಮಾಡಿದ್ದನ್ನು ನಾನು ಮನಸಾರೆ ಒಪ್ಪಿದ್ದೆ. ಆದರೆ ತಲೆಗೆ ಪೆಟ್ಟು ಬಿದ್ದವನ ಬದಲು ಹೆಚ್ಚುವರಿ ಆಟಗಾರನನ್ನು ಇಳಿಸಲು, ಹೊರಹೋದವನು ಮತ್ತೆ ಮರಳದಂತೆ ತಡೆಯಲು 2024ರಲ್ಲಿ ನಿಯಮಾವಳಿಯಲ್ಲೇ ಅವಕಾಶ ಕೊಟ್ಟಿದ್ದಾರಲ್ಲ, ಅದು ನನಗೆ ಅರಗುತ್ತಿಲ್ಲ. ವೃತ್ತಿಪರ ಆಟಗಾರನೇ "ಆಡಬಲ್ಲೆ" ಎನ್ನುತ್ತಿರುವಾಗ ಬೇರೆಯವರು ಬೇಡವೆನ್ನುವುದು ಸರಿಯೇ? ಈಗಾಗಲೇ ನಮ್ಮ ಹುಡುಗರು ಟಿವಿ ನೋಡಿ, ಭುಜ ತಾಗಿದರೂ ಮುಖ ಹಿಡಿದು ಹೊರಳುವುದನ್ನು ಕಲಿತಿದ್ದಾರೆ.

ಉತ್ತರ 1 (ರಾಯಚೂರಿನ ವೈದ್ಯ):
ಮಾನ್ಯರೇ, ಮೊಣಕಾಲು ತರಚಿದವನು ಆಡಬಲ್ಲೆನೆಂದರೆ ನಂಬಬಹುದು. ಮಿದುಳು ಅಲುಗಿದವನ ಮಾತನ್ನು ನಂಬುವುದು ಹೇಗೆ, ಆ ಮಾತು ಹುಟ್ಟುವುದೇ ಪೆಟ್ಟು ತಿಂದ ಅಂಗದಲ್ಲಿ ಅಲ್ಲವೇ? 2014ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ಎದುರಾಳಿಯ ಭುಜ ಬಡಿದು ಬಿದ್ದರು, ಎದ್ದರು, ಆಡಿದರು, ಸ್ವಲ್ಪ ಹೊತ್ತಿನ ಮೇಲೆ ರೆಫರಿಯ ಬಳಿ ಹೋಗಿ "ಇದು ಫೈನಲ್ ಪಂದ್ಯವೇ?" ಎಂದು ಕೇಳಿದರು. ಅವರನ್ನು ಹೊರಗೆ ಕರೆದದ್ದು 31ನೇ ನಿಮಿಷದಲ್ಲಿ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಮಿದುಳು ಊದಿಕೊಳ್ಳುವ ಅಪಾಯವಿದೆ, ಅದರಲ್ಲೂ ಎಳೆಯರಿಗೆ. ದೀರ್ಘಕಾಲದ ಹಾನಿ ಬೇರೆಯೇ ಇದೆ: ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರು ಮರೆವಿನಂಥ ಮಿದುಳಿನ ಕಾಯಿಲೆಗಳಿಂದ ಸಾಯುವ ಸಂಭವ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು 2019ರ ಗ್ಲಾಸ್ಗೋ ಅಧ್ಯಯನ ತೋರಿಸಿತು.

ಉತ್ತರ 2 (ಹಳೆಯ ಗೋಲ್‌ಕೀಪರ್, ಕೊಪ್ಪಳ):
ಹೊರಳಾಟದ ನಾಟಕವನ್ನು ಇದರೊಡನೆ ಬೆರೆಸಬೇಡಿ. ಅದಕ್ಕೆ ಹಳದಿ ಕಾರ್ಡ್ ಇದೆ, ತೋರಿಸುವ ಧೈರ್ಯ ರೆಫರಿಗಿರಬೇಕು ಅಷ್ಟೆ. ಗಟ್ಟಿತನದ ಮಾತಿಗೆ ಬಂದರೆ, 2006ರಲ್ಲಿ ತಲೆಬುರುಡೆ ಒಡೆದುಕೊಂಡ ಚೆಲ್ಸಿ ತಂಡದ ಗೋಲ್‌ಕೀಪರ್ ಪೀಟರ್ ಚೆಕ್ ಮೂರು ತಿಂಗಳ ಬಳಿಕ ತಲೆಗವಸು ಕಟ್ಟಿಕೊಂಡು ಮರಳಿದರು, 2019ರಲ್ಲಿ ನಿವೃತ್ತರಾಗುವವರೆಗೂ ಅದನ್ನು ಬಿಡಲಿಲ್ಲ. ಎದುರಾಳಿಯ ಕಾಲಿಗೆ ತಲೆಯೊಡ್ಡಿ ಚೆಂಡು ಹಿಡಿಯುವುದನ್ನೂ ಬಿಡಲಿಲ್ಲ. ಅವರನ್ನು ಯಾರಾದರೂ ಮೆತ್ತಗಿನವರು ಎಂದರೇ?

ನನ್ನನ್ನು ಹೆಚ್ಚು ಕಾಡುವುದು ನಮ್ಮ ರಾಜ್ಯದಲ್ಲೇ ನಡೆದದ್ದು. 2004ರ ಡಿಸೆಂಬರ್ 5ರಂದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಫೆಡರೇಷನ್ ಕಪ್ ಫೈನಲ್‌ನಲ್ಲಿ, ಡೆಂಪೊ ತಂಡದ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವ ಹೊತ್ತಿಗೇ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದವರು ಮತ್ತೆ ಏಳಲಿಲ್ಲ. ಕಾರ್ಡುಗಳಷ್ಟೇ ಸಾಲದು, ಕುಸಿದವನ ಎದೆ ಒತ್ತಿ ಉಸಿರು ಕೊಡಬಲ್ಲವರು ಗೆರೆಯಾಚೆ ನಿಂತಿರಬೇಕು. ನಾನು ಆಡಿದ ಕಾಲದಲ್ಲಿ ನಮ್ಮ ಮೈದಾನದಲ್ಲಿದ್ದದ್ದು ಒಂದು ಕೊಡ ನೀರು, ಒಂದು ಸ್ಪ್ರೇ ಡಬ್ಬಿ.

ಗರಸುನೆಲ, ಬಳ್ಳಾರಿ:
ಡಾಕ್ಟರೇ, ಕ್ರಾಮರ್ ಪ್ರಸಂಗ ಓದಿದ ಮೇಲೆ ನನ್ನ ವಾದ ಅರ್ಧ ಬಿದ್ದುಹೋಯಿತು. ಒಬ್ಬ ಹೆಚ್ಚುವರಿ ಬದಲಿ ಆಟಗಾರ ಎದುರು ತಂಡಕ್ಕೂ ಸಿಗುವುದರಿಂದ ಆ ನಿಯಮವನ್ನು ತಂತ್ರವಾಗಿ ಬಳಸುವುದು ಕಷ್ಟವೆಂಬುದೂ ಈಗ ಹೊಳೆಯುತ್ತಿದೆ. ಆದರೂ ಚೆಂಡಿಗಾಗಿ ಭುಜಕ್ಕೆ ಭುಜ ಕೊಟ್ಟರೂ ಸೀಟಿ ಊದುವ ರೆಫರಿಗಳ ಮೇಲಿನ ನನ್ನ ಸಿಟ್ಟು ಹಾಗೆಯೇ ಇದೆ. ಬರುವ ಭಾನುವಾರ ಎದೆ ಒತ್ತುವುದನ್ನು ಹುಡುಗರಿಗೆ ಕಲಿಸಲು ತಾವು ಬಳ್ಳಾರಿಗೆ ಬರಬಲ್ಲಿರಾ? ಬೆಳಿಗ್ಗೆ ಎಂಟರೊಳಗೆ ಮುಗಿಸೋಣ, ಆಮೇಲೆ ಬಿಸಿಲಿಗೆ ಅಲ್ಲಿ ನಿಲ್ಲಲಾಗುವುದಿಲ್ಲ.