ಬೆಳಗ್ಗೆ ನೋಡಿದರೆ ರೇಡಿಯೇಟರ್ ಹೋಸ್ ಚಪ್ಪಟೆ, ಟ್ಯಾಂಕ್ ಮಾತ್ರ ತುಂಬಿಯೇ ಇದೆ. ಕ್ಯಾಪ್ ಹೋಗಿದೆಯಾ?

ಹಳೇ ಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು ಹನ್ನೊಂದು ವರ್ಷದ ಪೆಟ್ರೋಲ್ ಕಾರು. ಟೆಂಪರೇಚರ್ ಮುಳ್ಳು ಯಾವಾಗಲೂ ನಡುವೆಯೇ ನಿಲ್ಲುತ್ತದೆ, ಆ ಕಡೆಯಿಂದ ತೊಂದರೆ ಇಲ್ಲ. ಆದರೆ ಎರಡು ವಾರದಿಂದ ಬೆಳಗ್ಗೆ ಬಾನೆಟ್ ಎತ್ತಿದರೆ ರೇಡಿಯೇಟರ್‌ನ ಮೇಲಿನ ಹೋಸ್ ಯಾರೋ ಹಿಂಡಿಟ್ಟ ಹಾಗೆ ಚಪ್ಪಟೆಯಾಗಿರುತ್ತದೆ. ಇಂಜಿನ್ ಸ್ವಲ್ಪ ಬಿಸಿಯಾದರೆ ತಾನಾಗಿಯೇ ದುಂಡಗಾಗುತ್ತದೆ. ಪಕ್ಕದ ರಿಸರ್ವ್ ಟ್ಯಾಂಕ್‌ನಲ್ಲಿ ಕೂಲಂಟ್ ಮ್ಯಾಕ್ಸ್ ಗೆರೆಗಿಂತ ಎರಡು ಬೆರಳು ಮೇಲಕ್ಕೆ ಹೋಗಿದ್ದು ಮತ್ತೆ ಇಳಿದೇ ಇಲ್ಲ, ತಣ್ಣಗಿದ್ದಾಗಲೂ ಅಷ್ಟೇ, ಓಡಿಸಿ ಬಂದ ಮೇಲೂ ಅಷ್ಟೇ.

ಗ್ಯಾರೇಜಿನಲ್ಲಿ ತೋರಿಸಿದೆ. ಕ್ಯಾಪ್ ವೀಕ್ ಆಗಿದೆ, ಈಗಿರುವ 0.9 ತೆಗೆದು 1.3 ಹಾಕೋಣ, ಗಟ್ಟಿ ಇರುತ್ತದೆ ಅಂದರು. ಒಂದು ಮುಚ್ಚಳಕ್ಕೆ ಇಷ್ಟೆಲ್ಲ ಲೆಕ್ಕ ಇದೆಯಾ? ಹಾಕಿಸಲಾ ಬೇಡವಾ?

ಟಾಪ್ ಗೇರ್ ಮಾವ:
ಧೈರ್ಯವಾಗಿ ಹಾಕಿಸಿ. ನಾನೂ 1.3 ಹಾಕಿ ಒಂದು ವರ್ಷದ ಮೇಲಾಯಿತು. ಏನೂ ಆಗಿಲ್ಲ.

ಗ್ರೀಸ್ ಕೈ:
ಬೇಡ, ಸ್ವಲ್ಪ ತಡೆಯಿರಿ. ಆ ಕ್ಯಾಪಿನಲ್ಲಿ ಇರುವುದು ಒಂದು ವಾಲ್ವ್ ಅಲ್ಲ, ಎರಡು. ದೊಡ್ಡ ಸ್ಪ್ರಿಂಗ್ ಇರುವುದು ಒತ್ತಡದ ವಾಲ್ವ್. ಕೂಲಂಟ್ ಬಿಸಿಯಾಗಿ ಹಿಗ್ಗಿ ಒತ್ತಡ 0.9 ಬಾರ್ ದಾಟಿದರೆ ಸ್ಪ್ರಿಂಗ್ ಎದ್ದು ಹೆಚ್ಚಾದ ಕೂಲಂಟನ್ನು ಟ್ಯಾಂಕಿಗೆ ಬಿಡುತ್ತದೆ. ಅದರ ನಡುವೆ ನಾಣ್ಯಕ್ಕಿಂತ ಚಿಕ್ಕದೊಂದು ತಗಡಿನ ಬಿಲ್ಲೆ ಇರುತ್ತದೆ ನೋಡಿ, ಅದು ಎರಡನೆಯದು, ವ್ಯಾಕ್ಯೂಮ್ ವಾಲ್ವ್. ಇಂಜಿನ್ ತಣ್ಣಗಾದಾಗ ಒಳಗಿನ ಕೂಲಂಟ್ ಕುಗ್ಗುತ್ತದೆ, ಒಳಗೆ ಎಳೆತ ಹುಟ್ಟುತ್ತದೆ, ಆಗ ಈ ಬಿಲ್ಲೆ ತೆರೆದುಕೊಂಡು ಟ್ಯಾಂಕಿಗೆ ಹೋದದ್ದನ್ನು ವಾಪಸ್ ಕರೆಸಿಕೊಳ್ಳಬೇಕು.

ನಿಮ್ಮ ಗಾಡಿಯಲ್ಲಿ ಹೋದದ್ದು ಹೋಗಿದೆ, ಬಂದಿಲ್ಲ. ಹಾಗಾಗಿ ಒಳಗಿನ ಎಳೆತಕ್ಕೆ ಹೋಸ್ ಹಿಂಡಿಕೊಳ್ಳುತ್ತಿದೆ. ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಎಲ್ಲಾದರೂ ದೊಡ್ಡ ಲೀಕ್ ಇದ್ದಿದ್ದರೆ ಅಲ್ಲಿಂದ ಗಾಳಿ ನುಗ್ಗಿ ಹೋಸ್ ದುಂಡಗೇ ಇರುತ್ತಿತ್ತು. ಅಂದರೆ ಹೋಸ್, ಕ್ಲಾಂಪ್, ಕ್ಯಾಪಿನ ಕೆಳಗಿನ ರಬ್ಬರ್ ಇವುಗಳಲ್ಲಿ ದೊಡ್ಡ ಲೀಕ್ ಇಲ್ಲ. ಆ ಸಣ್ಣ ವಾಲ್ವ್ ಅಂಟಿಕೊಂಡಿದೆ ಅಂತ ನನ್ನ ಅನುಮಾನ.

ಈಗ 1.3 ವಿಷಯ. ಆ ನಂಬರ್ ದೊಡ್ಡ ಸ್ಪ್ರಿಂಗಿನದು, ನಿಮ್ಮ ತೊಂದರೆಗೆ ಅದು ಸಂಬಂಧವೇ ಇಲ್ಲ. ತಮಾಷೆ ಏನು ಗೊತ್ತಾ, ಹೊಸ 1.3 ಕ್ಯಾಪ್ ಹಾಕಿದರೆ ತೊಂದರೆ ನಿಜಕ್ಕೂ ಹೋಗುತ್ತದೆ, ಯಾಕೆಂದರೆ ಅದರ ಸಣ್ಣ ವಾಲ್ವೂ ಹೊಸದಲ್ವಾ! ಆಮೇಲೆ ಎಲ್ಲರೂ ನಂಬರಿಗೆ ಶಹಬಾಸ್ ಹೇಳುತ್ತಾರೆ. ಹೊಸ 0.9 ಹಾಕಿದ್ದರೂ ಅಷ್ಟೇ ಆಗುತ್ತಿತ್ತು.

ಟಾಪ್ ಗೇರ್ ಮಾವ:
ಸರಿ ಗುರುಗಳೇ, ಆದರೆ ಜಾಸ್ತಿ ಒತ್ತಡ ಇದ್ದರೆ ಕೂಲಂಟ್ ಕುದಿಯುವುದು ತಡವಾಗುತ್ತದೆ. ಅದು ಒಳ್ಳೆಯದೇ ಅಲ್ವಾ?

ಗ್ರೀಸ್ ಕೈ:
ತಡವಾಗುವುದು ನಿಜ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, ಮೇಲೆ ಇನ್ನೊಂದು ಬಾರ್ ಒತ್ತಡ ಹೇರಿದರೆ ಸುಮಾರು 120ಕ್ಕೆ. ಅರ್ಧ ಕೂಲಂಟ್ ಅರ್ಧ ನೀರು ಇದ್ದರೆ ಇನ್ನೂ ಸ್ವಲ್ಪ ಮೇಲೆ. ಕ್ಯಾಪ್ ಇರುವುದೇ ಇದಕ್ಕೆ. ಆದರೆ ಕಂಪನಿಯವರು ರೇಡಿಯೇಟರ್, ಹೋಸ್, ಹೀಟರ್ ಎಲ್ಲವನ್ನೂ ಯಾವ ಒತ್ತಡಕ್ಕೆ ಅಂತ ಮಾಡಿರುತ್ತಾರೋ ಅದಕ್ಕೆ ಹೊಂದುವ ನಂಬರನ್ನೇ ಕ್ಯಾಪ್ ಮೇಲೆ ಒತ್ತಿರುತ್ತಾರೆ. ಹನ್ನೊಂದು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ ಮತ್ತು ರಬ್ಬರ್ ಮೇಲೆ ಸುಮ್ನೆ ಯಾಕೆ ಜಾಸ್ತಿ ಹೊರೆ? ಹಾದಿ ಬಿಡಬೇಕಾದ ಕ್ಯಾಪ್ ಬಿಗಿಯಾಗಿ ಕೂತರೆ ಒತ್ತಡ ಬೇರೆ ಕಡೆ ಹಾದಿ ಹುಡುಕುತ್ತದೆ. ನಿಮ್ಮ ಗಾಡಿಯಲ್ಲಿ ಏನೂ ಆಗಿಲ್ಲ ಅಂದರೆ ಅದು 1.3ರವರೆಗೆ ಹೋಗಿಯೇ ಇಲ್ಲದಿರಬಹುದು. ಕಡಿಮೆ ನಂಬರ್ ಹಾಕುವುದೂ ತಪ್ಪೇ, ಬೇಗ ಕುದಿದು ಕೂಲಂಟ್ ಹೊರಗೆ ಹೋಗುತ್ತದೆ.

ಹತ್ತು ಎಂಎಂ ಸ್ಪ್ಯಾನರ್:
ಕ್ಯಾಪಿಗೆ ಶಿಕ್ಷೆ ಕೊಡುವ ಮೊದಲು ಕ್ಯಾಪ್ ಕೂರುವ ಕುತ್ತಿಗೆಯಿಂದ ಟ್ಯಾಂಕಿಗೆ ಹೋಗುವ ಸಣ್ಣ ಪೈಪ್ ನೋಡಿ. ಅದು ಹಳೆಯದಾಗಿ ಮೆತ್ತಗಾಗಿದ್ದರೆ ಕೂಲಂಟ್ ಹೊರಗೆ ಹೋಗುವಾಗ ಉಬ್ಬಿ ದಾರಿ ಕೊಡುತ್ತದೆ, ವಾಪಸ್ ಎಳೆಯುವಾಗ ಅಂಟಿಕೊಂಡು ಮುಚ್ಚಿಕೊಳ್ಳುತ್ತದೆ. ಪೈಪ್ ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಊದಿ, ಕೈಯಲ್ಲಿ ಒತ್ತಿ ನೋಡಿ. ಬಾಯಿ ಮಾತ್ರ ಹಾಕಬೇಡಿ, ಕೂಲಂಟ್ ವಿಷ.

ಮತ್ತೆ ದಯವಿಟ್ಟು ಇಂಜಿನ್ ಪೂರ್ತಿ ತಣ್ಣಗಾಗದೆ ಕ್ಯಾಪ್ ಮುಟ್ಟಬೇಡಿ. ನಾನು ಒಮ್ಮೆ ಹತ್ತು ನಿಮಿಷ ಆಯಿತಲ್ಲ ಅಂತ ತಿರುಗಿಸಿದೆ. ಒಳಗೆ ನೂರು ಡಿಗ್ರಿ ದಾಟಿದರೂ ಒತ್ತಡಕ್ಕೆ ಸುಮ್ಮನಿದ್ದ ಕೂಲಂಟ್ ಮುಚ್ಚಳ ಸಡಿಲವಾದ ಕೂಡಲೇ ಹಬೆಯಾಗಿ ಹಾರಿತು. ಮುಂಗೈಯ ಚರ್ಮ ಸುಲಿದು ಮೂರು ವಾರ ಕಷ್ಟಪಟ್ಟೆ. ಮೇಲಿನ ಹೋಸ್ ಹಿಂಡಿ ನೋಡಿ, ಬಿಸಿ ಅಥವಾ ಗಟ್ಟಿ ಇದ್ದರೆ ಬಿಟ್ಟುಬಿಡಿ. ತಣ್ಣಗಾದ ಮೇಲೂ ದಪ್ಪ ಬಟ್ಟೆ ಹಾಕಿ, ಮುಖ ದೂರ ಇಟ್ಟು, ಮೊದಲ ತಡೆಯವರೆಗೆ ತಿರುಗಿಸಿ ನಿಲ್ಲಿ. ಸದ್ದು ಏನೂ ಇಲ್ಲ ಅಂದರೆ ಮಾತ್ರ ಒತ್ತಿ ಪೂರ್ತಿ ತೆಗೆಯಿರಿ.

ಹಳೇ ಗಾಡಿ:
ಭಾನುವಾರ ಬೆಳಗ್ಗೆ ನೋಡಿದೆ. ಕ್ಯಾಪ್ ಸಡಿಲಿಸಿದ ಕೂಡಲೇ ಗಾಳಿ ಒಳಗೆ ಎಳೆದ ಸದ್ದು, ಹೋಸ್ ಟಪ್ ಅಂತ ದುಂಡಗಾಯಿತು. ರೇಡಿಯೇಟರ್‌ನಲ್ಲಿ ಕೂಲಂಟ್ ಕುತ್ತಿಗೆಯಿಂದ ಕೆಳಗೆ ಇಳಿದಿತ್ತು. ಪೈಪ್ ಸರಿಯಾಗಿದೆ, ಗಾಳಿ ಹೋಯಿತು, ಗೋಡೆಯೂ ಗಟ್ಟಿ ಇದೆ. ಕ್ಯಾಪ್ ತಿರುಗಿಸಿ ನೋಡಿದರೆ ಆ ಸಣ್ಣ ಬಿಲ್ಲೆಯ ಸುತ್ತ ಕಂದು ಬಣ್ಣದ ಕೆಸರು ಒಣಗಿ ಕೂತಿದೆ. ಉಗುರಿನಿಂದ ಎಳೆದರೂ ಜಗ್ಗಲಿಲ್ಲ.

ಗ್ರೀಸ್ ಕೈ:
ಸಿಕ್ಕಿತಲ್ಲ! ಸರಿಯಾಗಿದ್ದರೆ ಅದನ್ನು ಮೆಲ್ಲಗೆ ಎಳೆದಾಗ ತೆರೆದು, ಬಿಟ್ಟಾಗ ತಟ್ಟನೆ ಮುಚ್ಚಬೇಕು. ತಿಕ್ಕಿ ಉಪಯೋಗಿಸುವ ಯೋಚನೆ ಬೇಡ, ಹೊಸದು ಹಾಕಿ. 0.9 ಅಂತ ಕೇಳಿದರೆ ಸಾಲದು. ನೋಡಲು ಒಂದೇ ಥರ ಇದ್ದರೂ ಕೆಳಗಿನ ಭಾಗ ಗಿಡ್ಡ ಮತ್ತು ಉದ್ದ ಬರುತ್ತದೆ. ಗಿಡ್ಡ ಬಂದರೆ ರಬ್ಬರ್ ಕುತ್ತಿಗೆಯ ಒಳ ಅಂಚನ್ನು ಮುಟ್ಟುವುದೇ ಇಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟು ಅಳತೆ ನೋಡಿ. ಆ ಒಳ ಅಂಚನ್ನೂ ಬಟ್ಟೆಯಿಂದ ಒರೆಸಿ, ಅಲ್ಲಿ ಕೊಳೆ ಇದ್ದರೆ ಹೊಸ ಕ್ಯಾಪೂ ಸರಿಯಾಗಿ ಕೂರುವುದಿಲ್ಲ.

ಒಂದು ಮಾತು ಕೇಳಲೇಬೇಕು. ನಲ್ಲಿ ನೀರು ಹಾಕುತ್ತಿದ್ದೀರಾ?

ಹಳೇ ಗಾಡಿ:
ಹ್ಞೂಂ... ಎರಡು ವರ್ಷದಿಂದ ಕಡಿಮೆಯಾದಾಗಲೆಲ್ಲ ಅದೇ.

ಗ್ರೀಸ್ ಕೈ:
ಅದೇ ನೋಡಿ ಕೆಸರು. ನೀರು ಸುರಿದ ಹಾಗೆಲ್ಲ ಕೂಲಂಟ್ ತೆಳುವಾಗುತ್ತದೆ, ತುಕ್ಕು ತಡೆಯುವ ಶಕ್ತಿಯೂ ಹೋಗುತ್ತದೆ. ಒಮ್ಮೆ ಪೂರ್ತಿ ಫ್ಲಶ್ ಮಾಡಿಸಿ, ಕೈಪಿಡಿಯಲ್ಲಿ ಹೇಳಿದ ಕೂಲಂಟ್ ಹಾಕಿಸಿ. ಇನ್ನು ಮೇಲೆ ಸೇರಿಸುವುದಿದ್ದರೆ ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟನ್ನೇ ಸೇರಿಸಿ. ಮತ್ತೆ ಕಡಿಮೆಯಾಗುತ್ತಲೇ ಇದ್ದರೆ ಅದು ಎಲ್ಲಿಗೆ ಹೋಗುತ್ತಿದೆ ಅಂತ ಹುಡುಕಬೇಕು. ಇಂಜಿನ್ ಓಡುವಾಗ ಟ್ಯಾಂಕ್‌ನಲ್ಲಿ ಒಂದೇ ಸಮ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಕಡೆ ನೋಡಿಸಿ, ಕ್ಯಾಪ್ ಬದಲಿಸುತ್ತಾ ಕೂರಬೇಡಿ.

ಹೊಸ ಡ್ರೈವರ್:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಕಾರಿನ ರೇಡಿಯೇಟರ್ ಮೇಲೆ ಕ್ಯಾಪೇ ಇಲ್ಲ!

ಹತ್ತು ಎಂಎಂ ಸ್ಪ್ಯಾನರ್:
ಇದೆ, ಟ್ಯಾಂಕ್ ಮೇಲಿದೆ. ಪ್ಲಾಸ್ಟಿಕ್ ಟ್ಯಾಂಕಿಗೆ ತಿರುಪಿನ ಮುಚ್ಚಳ ಇರುತ್ತದೆ ನೋಡಿ, ಅದರೊಳಗೂ ಇವೇ ಎರಡು ವಾಲ್ವ್. ಅಂಥ ಗಾಡಿಯಲ್ಲಿ ಟ್ಯಾಂಕೂ ಒತ್ತಡದಲ್ಲೇ ಇರುತ್ತದೆ. ಬರೀ ಪ್ಲಾಸ್ಟಿಕ್ ಮುಚ್ಚಳ ಅಂತ ಬಿಸಿಯಲ್ಲಿ ತೆಗೆದೀರಿ ಮತ್ತೆ!

ಹಳೇ ಗಾಡಿ:
ಹೊಸ 0.9 ಹಾಕಿ, ಫ್ಲಶ್ ಮಾಡಿಸಿ ಆರು ದಿನ ಆಯಿತು. ಬೆಳಗ್ಗೆ ಹೋಸ್ ದುಂಡಗಿದೆ. ಓಡಿಸಿ ಬಂದಾಗ ಟ್ಯಾಂಕ್‌ನಲ್ಲಿ ಮಟ್ಟ ಸ್ವಲ್ಪ ಏರಿರುತ್ತದೆ, ರಾತ್ರಿ ಕಳೆದರೆ ಮೊದಲಿನ ಗೆರೆಗೆ ಬಂದು ನಿಲ್ಲುತ್ತದೆ. ಗ್ಯಾರೇಜಿನವರು ಹಳೇ ಕ್ಯಾಪ್ ನೋಡಿ, "ನಾನು ಹೇಳಿದ್ದೆನಲ್ಲ, ಕ್ಯಾಪೇ ಅಂತ" ಅಂದರು. ನಾನೂ ಹೌದು ಅಂದೆ.