ಸಹಾಯ ಬೇಕು: ವಿಬ್ರಿಯೋ ಜಾಸ್ತಿ ಇರೋದು ಬಿಸಿಗೋ, ಕೊಳಚೆಗೋ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಗೋವಾದಲ್ಲಿ ಎಂಎಸ್ಸಿ ಮೈಕ್ರೋಬಯಾಲಜಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಅಂತ ಮಿರಾಮಾರ್ ಹತ್ತಿರ, ಮಾಂಡೋವಿ ನದಿ ಸಮುದ್ರ ಸೇರುವ ಕಡೆ ನೀರು ತಂದು ವಿಬ್ರಿಯೋ ಎಣಿಸುತ್ತಿದ್ದೇನೆ (ಇದೊಂದು ಬ್ಯಾಕ್ಟೀರಿಯಾ ಗುಂಪು, ಕಾಲರಾ ತರುವುದೂ ಇದರಲ್ಲೇ ಒಂದು). ಎರಡು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೇ ತಿಂಗಳಲ್ಲಿ ನೀರು 31 ಡಿಗ್ರಿ ಇತ್ತು. ವಿಬ್ರಿಯೋ ಬೆಳೆಸುವ ಟಿಸಿಬಿಎಸ್ ಪ್ಲೇಟ್ ತುಂಬ ಹಳದಿ ಕಾಲೊನಿ, ನಡುವೆ ಅಲ್ಲೊಂದು ಇಲ್ಲೊಂದು ಹಸಿರು. ವಿಬ್ರಿಯೋ ಬೆಚ್ಚಗಿನ ನೀರಲ್ಲಿ ಬೇಗ ಬೆಳೆಯುತ್ತೆ, ಕಾರಣ ಸಿಕ್ಕಿತು ಅಂದುಕೊಂಡೆ. ಆದರೆ ಜುಲೈನಲ್ಲಿ ನೀರು 27ಕ್ಕೆ ಇಳಿದರೂ ಕಾಲೊನಿ ಕಡಿಮೆ ಆಗಲಿಲ್ಲ. ಆಗ ಮಳೆಗೆ ಹೊಳೆ ನೀರು ಬಂದು ಉಪ್ಪು ಇಳಿದಿತ್ತು, ಊರಿನ ಕೊಳಚೆಯೂ ಸೇರಿತ್ತು. ವಿಬ್ರಿಯೋದ ಹಲವು ಜಾತಿಗಳಿಗೆ ಸ್ವಲ್ಪ ಸಪ್ಪೆ ನೀರೇ ಹಿಡಿಸುತ್ತೆ ಅಲ್ವಾ? ಹಾಗಾದರೆ ಯಾವುದನ್ನು ಕಾರಣ ಅಂತ ಬರೆಯಲಿ?

ಕೊಳಚೆ ಅಳೆಯಲು ಕರುಳಲ್ಲಿರುವ ಬ್ಯಾಕ್ಟೀರಿಯಾ ಇ. ಕೋಲಿ ಎಣಿಸಿದೆ. ಅದು ಉಪ್ಪಿಗೆ, ಬಿಸಿಲಿಗೆ ಬೇಗ ಸಾಯುತ್ತೆ, ಹಾಗಾಗಿ ಮೇ ತಿಂಗಳ ಲೆಕ್ಕ ನಂಬೋಕೆ ಆಗುತ್ತಿಲ್ಲ. ಸಮುದ್ರದ ನೀರಲ್ಲಿ ಎಂಟರೋಕಾಕಸ್ (ಇದೂ ಕರುಳಿನ ಬ್ಯಾಕ್ಟೀರಿಯಾನೇ) ಜಾಸ್ತಿ ದಿನ ಉಳಿಯುತ್ತೆ ಅಂತ ಈಗ ಅದನ್ನೂ ಶುರು ಮಾಡಿದ್ದೇನೆ. ಒಂದೇ ನೀರನ್ನು 28 ಮತ್ತು 32 ಡಿಗ್ರಿಯಲ್ಲಿ ಇಟ್ಟೂ ನೋಡಿದೆ. ಬಾಟಲಿಯಲ್ಲಿ ಮುಚ್ಚಿಟ್ಟರೆ ಬ್ಯಾಕ್ಟೀರಿಯಾ ಗುಂಪೇ ಬದಲಾಗಿಬಿಡುತ್ತೆ, ಅದರಿಂದ ಏನೂ ಹೇಳೋಕಾಗಲ್ಲ.

ಆ ದಂಡೆಯಲ್ಲಿ ದಿನಾ ಸಂಜೆ ಮಕ್ಕಳು ನೀರಾಟ ಆಡುತ್ತಾರೆ. ಸುಮ್ನೆ ಒಂದು ಕಾರಣ ಬರೆದು ಮುಗಿಸೋಕೆ ಮನಸ್ಸು ಬರುತ್ತಿಲ್ಲ.

ಕರಾವಳಿ ನೀರಲ್ಲಿ ಕೆಲಸ ಮಾಡಿದವರು ಹೇಳಿ: ಬಿಸಿ, ಉಪ್ಪು, ಕೊಳಚೆ ಮೂರನ್ನೂ ಬೇರೆ ಮಾಡಿ ನೋಡಲು ಇದೇ ಜಾಗದಲ್ಲಿ ಭರತ, ಇಳಿತ ಎರಡರಲ್ಲೂ ನೀರು ತಂದರೆ ಸಾಕಾ, ಇಲ್ಲ ಕೊಳಚೆ ಸೇರದ ಇನ್ನೊಂದು ದಂಡೆಯೂ ಬೇಕೇ ಬೇಕಾ?